ಹಳೇ ಆಟದ ಕೈ

ಹೊಸೂರು
೧೪-೯-೧೯೮೭

ಪ್ರೀತಿಯ ಅಶ್ವತ್ಥಿಗೆ, ಅಂಜಿನಮ್ಮನ ನೆನಪುಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದವಳನ್ನು ಎಷ್ಟು ಬೇಕಾದರೂ ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ಡೆಂಕಣಿಕೋಟೆಯಲ್ಲಿ ನಿನ್ನ ಹೊಲಿಗೆ ಕ್ಲಾಸು ಚೆನ್ನಾಗಿ ನಡೆಯುತ್ತಿರುವುದು ಕೇಳಿ ಸಂತೋಷವಾಯಿತು. ನಾನೂ ಈಗ ವ್ಯಾಪಾರದವಳು ಕಣೇ! ಯಜಮಾನರು ಫ್ಯಾಕ್ಟರಿಗೆ ಹೋದ ಮೇಲೆ ಬಸ್ ಸ್ಟ್ಯಾಂಡಿನ ನಮ್ಮ ವಿಡಿಯೋ ಗೇಮ್ ಅಂಗಡಿಯಲ್ಲಿ ಕೂರುವವಳು ನಾನೇ. ಬೆಳಕು ಬಿದ್ದರೆ ಆಟ ಕಾಣುವುದಿಲ್ಲವೆಂದು ಕಿಟಕಿಗೆಲ್ಲ ಗೋಣಿಚೀಲ ಹೊಡೆದಿದ್ದಾರೆ. ಹೊರಗೆ ಮಳೆಯೋ ಬಿಸಿಲೋ, ಬಂದವರ ತಲೆ ನೋಡಿ ತಿಳಿಯಬೇಕು.

ಹೋದ ವರ್ಷ ನಮ್ಮಲ್ಲಿ ಗುಹೆಯಾಟಕ್ಕೆ ಜನ ಮುಗಿಬೀಳುತ್ತಿದ್ದರು. ದೀಪ ಹಿಡಿದವನೊಬ್ಬ ಸುರಂಗದಲ್ಲಿ ಓಡಬೇಕು, ಕಲ್ಲು ಉರುಳಿ ಬಂದರೆ ಹಾರಬೇಕು, ಅಷ್ಟೇ. ಆಮೇಲೆ ಒಳಗಿನ ಬೋರ್ಡು ಸುಟ್ಟುಹೋಯಿತು. ಬೆಂಗಳೂರಿನವರು ಬಂದು ಅದೇ ಪೆಟ್ಟಿಗೆಯೊಳಗೆ ಆಟದ ಎರಡನೇ ಭಾಗ ಕೂರಿಸಿ ಹೋದರು. ಅವತ್ತಿನಿಂದ ಒಂದೇ ರಾಗ. ತಮಿಳಿನವರು "ಪಳಸು ದಾನ್ ನಲ್ಲಾ ಇರುಂದುಚ್ಚು" ಅನ್ನುತ್ತಾರೆ, ನಮ್ಮವರು "ಹಳೇದೇ ಚೆಂದಾಗಿತ್ತು ಬುಡಕ್ಕಾ" ಅನ್ನುತ್ತಾರೆ.

ಎರಡನೆಯದೆಲ್ಲ ಒಳ್ಳೆಯದೆಂದು ನಾನೂ ಹೇಳುವುದಿಲ್ಲ. ಪಕ್ಕದ ಬೈಕಿನಾಟದ ಎರಡನೇ ಭಾಗ ಹಳೇ ಸಾರಿಗೆ ನೀರು ಬೆರೆಸಿದ ಹಾಗಿದೆ, ಓಟ ಜೋರಾಗಿದೆ, ಬೇರೇನಿಲ್ಲ. ಗುಹೆಯದರಲ್ಲೂ ಬಣ್ಣ ಅತಿಯಾಗಿ ಕಲ್ಲು ಬೇಗ ಕಣ್ಣಿಗೆ ಬೀಳದು, ಸದ್ದು ತಲೆನೋವು. ಆದರೆ ಆಟ ಹಳೆಯದಕ್ಕಿಂತ ಜಾಣತನದ್ದು. ಕಲ್ಲು ಬಂದಾಗ ಹಾರಬಾರದು, ಗೋಡೆಗೊರಗಿ ನಿಲ್ಲಬೇಕು. ಜನ ಇಲ್ಲದಾಗ ಆಡಿ ಆಡಿ ಕಲಿತೆ. ಇವರೆಲ್ಲ ಹಳೇ ಆಟದ ಕೈಯಲ್ಲೇ ಹೊಸದನ್ನು ಆಡುತ್ತಾರೆ, ಸಾಯುತ್ತಾರೆ, ಪೆಟ್ಟಿಗೆಗೆ ಒದೆಯುತ್ತಾರೆ. ನನಗೆ ಎಷ್ಟು ಸಿಟ್ಟು ಬರುತ್ತದೆ ಗೊತ್ತಾ?

ಯಾಕೆಂದು ನಿನಗೆ ಹೇಳಬೇಕಿಲ್ಲ. ಪಾಪಮ್ಮಕ್ಕ ಹೆರಿಗೆಯಲ್ಲಿ ಹೋದಾಗ, ಸಂಬಂಧ ಕಡಿಯಬಾರದೆಂದು ನನ್ನನ್ನು ಭಾವನಿಗೇ ಕೊಟ್ಟರು. ಆರತಿ ತಟ್ಟೆ ಹಿಡಿದವಳು ನೀನೇ. ಅದೇ ಒಲೆ, ಅದೇ ಟ್ರಂಕು, ಅವಳದೇ ಸೀರೆಗಳು. ಅತ್ತೆ ಇವತ್ತಿಗೂ ತಟ್ಟೆ ಮುಂದೆ ಕೂತು, "ಪಾಪಮ್ಮ ಕಟ್ಟಿದ್ ಮುದ್ದೆ ಬೆಣ್ಣೆ ಇದ್ದಂಗಿರೋದು. ಇವಳ್ದು ನುಂಗಕ್ಕಾಗಕಿಲ್ಲ" ಅನ್ನುತ್ತಾರೆ. ಯಜಮಾನರು ಕೆಟ್ಟವರಲ್ಲ, ಬೈದಿಲ್ಲ, ಹೊಡೆದಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದುತ್ತಾರೆ.

ನಿನ್ನೆ ಅವರು ಬೋರ್ಡು ವಾಪಸ್ ಕಳಿಸುತ್ತೇನೆ ಎಂದರು. "ಒಂದ್ಸಲ ನೀವೇ ಆಡಿ ನೋಡಿ" ಅಂದೆ. ನಿಂತರು. ಕಲ್ಲು ಬಂತು, ಹಾರಿದರು, ಸತ್ತರು.

"ಹಾರ್ಬ್ಯಾಡಿ, ನಿಂತ್ಕಳಿ" ಅಂದೆ.

"ಮೊದಲ್ನೇದ್ರಾಗೆ ಹಾರ್ತಿದ್ವಲ್ಲಮ್ಮಿ?"

"ಇದು ಮೊದಲ್ನೇದಲ್ಲ."

ಅವರು ನನ್ನ ಮುಖ ನೋಡಿದರು. ಮತ್ತೆ ಕಾಸು ಹಾಕಿದರು, ಮತ್ತೆ ಹಾರಿದರು. ಬೋರ್ಡು ನಾಳಿದ್ದು ಹೋಗುತ್ತದೆ.

ನಮ್ಮ ಕೊನೆಯ ತಂಗಿ ಮುನಿವೆಂಕಟಮ್ಮ ಇಲ್ಲೇ ಇದ್ದಾಳೆ, ನಿನ್ನನ್ನು ಕೇಳಿದಳು. ನಿನ್ನ ಮಕ್ಕಳು ಚೆನ್ನಾಗಿ ಓದಲಿ, ನಿನ್ನ ಮಿಷನ್ನು ನಿಲ್ಲದೆ ತಿರುಗಲಿ.

ನಿನ್ನ
ಅಂಜಿನಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನನಗೀಗ ಐದು ತಿಂಗಳು. ಬಾಣಂತನಕ್ಕೆ ಆಸರೆಯಾಗಲೆಂದು ಅಮ್ಮ ಮುನಿವೆಂಕಟಿಯನ್ನು ಈಗಲೇ ಕಳಿಸಿದ್ದಾಳೆ. ಮೊನ್ನೆ ಅತ್ತೆ ಪಾಪಮ್ಮಕ್ಕನ ಬಳೆ ತೆಗೆದು ಅವಳ ಕೈಗೆ ತೊಡಿಸಿ, "ಇವಳ್ಗೂ ಅಳತೆ ಸರಿಯಾಗೈತೆ" ಎಂದು ನಕ್ಕರು. ನನಗೂ ಹಾಗೆಯೇ ತೊಡಿಸಿ ನೋಡಿದ್ದರು, ಅಕ್ಕ ಬಸುರಿಯಾಗಿದ್ದಾಗ. ಕ್ಲಾಸಿಗೆ ಹುಡುಗಿ ಬೇಕು ಎಂದು ಅಮ್ಮನಿಗೆ ಕೂಡಲೇ ಬರೆದು ಅವಳನ್ನು ಕರೆಸಿಕೋ. ನಾನು ಹೇಳಿದೆ ಎನ್ನಬೇಡ. ನನಗೆ ನೋವು ಬರುವ ಹೊತ್ತಿಗೆ ಅವಳು ಈ ಮನೆಯಲ್ಲಿ ಇರಬಾರದು.