ಜ್ವಾಲೆ ನೋಡಿ ಬಟ್ಟೆ ಹರವುವ ಊರು

ಅಪ್ಪನಿಗೆ,

ನಾನು ಕ್ಷೇಮ. ನೀವು ಹೇಳಿದ್ದೆಲ್ಲ ನಿಜವೇ: ಈ ಎಣ್ಣೆ ಊರಿನಲ್ಲಿ ಮರವಿಲ್ಲ, ಕುಡಿಯುವ ನೀರೂ ಟ್ಯಾಂಕರಿನಲ್ಲಿ ಬರಬೇಕು. ಎಣ್ಣೆಬಾವಿಯ ಪಂಪುಗಳು ನಮ್ಮ ಚಿಕ್ಕಪ್ಪನ ಹಾಗೆ ಎಲ್ಲದಕ್ಕೂ ತಲೆಯಾಡಿಸುತ್ತಲೇ ಇರುತ್ತವೆ. ಆದರೂ ಆ ಪಂಪು ರಿಪೇರಿ ಮಾಡುವ ಕೆಲಸಕ್ಕೆ ಇವತ್ತು ಒಪ್ಪಿಕೊಂಡೆ.

ನೋಡಿಹೋಗಲೆಂದೇ ಬಂದಿದ್ದೆ. ಅಮ್ಮ ಕೊಟ್ಟ ಬಿಳಿ ಹೊದಿಕೆಯನ್ನು ಮೊನ್ನೆ ಒಗೆದು ಅಂಗಳದಲ್ಲಿ ಹರವಿದೆ. ಊರಾಚೆಯ ಕೊಳವೆಯಲ್ಲಿ ಸದಾ ಅನಿಲ ಉರಿಯುತ್ತದೆ. ಆ ಜ್ವಾಲೆ ಊರಿನಿಂದ ಅತ್ತ ವಾಲಿದ್ದರೆ ಮಾತ್ರ ಇಲ್ಲಿಯವರು ಬಟ್ಟೆ ಒಣಗಿಸುವುದಂತೆ, ನನಗೇನು ಗೊತ್ತು! ಪಕ್ಕದ ಮನೆಯ ಕ್ರೇನ್ ಚಾಲಕಿ ಓಡಿಬಂದು, "ಅಯ್ಯೋ ಪುಣ್ಯಾತ್ಗಿತ್ತಿ, ಬೆಂಕಿ ನಮ್ ಕಡೆ ತಿರುಗಿದೆ, ಬೇಗ ತೆಗಿ!" ಎಂದು ತಾನೇ ಎಳೆದಳು. ಅಷ್ಟರಲ್ಲಿ ಹೊದಿಕೆಗೆಲ್ಲ ಮಸಿ, ನಮ್ಮಿಬ್ಬರ ಮೂಗಿಗೂ ಮಸಿ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಗಂಡನ ಮನೆ ಬಿಟ್ಟು ಬಂದಮೇಲೆ ನಾನು ಹಾಗೆ ನಕ್ಕಿದ್ದನ್ನು ನೀವೂ ಕೇಳಿಲ್ಲ.

ಮನೆಯಲ್ಲಿರುವ ಹಳೆಯ ಕಂದು ಹೊದಿಕೆ ಕಳಿಸಿ. ಬಿಳಿಯದು ಮಸಿಯಾದದ್ದನ್ನು ಅಮ್ಮನಿಗೆ ನಾನೇ ಹೇಳುತ್ತೇನೆ. ನನ್ನ ಕೋಣೆಯನ್ನು ತಮ್ಮನಿಗೆ ಬಿಟ್ಟುಕೊಡಿ. ಬಾಗಿಲ ಹಿಂದಿನ ಮೊಳೆಯನ್ನು ಮಾತ್ರ ಕೀಳಿಸಬೇಡಿ. ರಜೆಗೆ ಬಂದಾಗ ಚೀಲ ತೂಗುಹಾಕಲು ಬೇಕು.

ಇಲ್ಲೇ ನಿಂತ ನಿಮ್ಮ
ಹಿರಿಮಗಳು