ರಾಜ ಎದ್ದು ನಡೆದ ದಾರಿ

ಎವೆಲಿಯೊ,

ಇವತ್ತು ನಮ್ಮೂರು ಓಲ್ಗಿನ್‌ನ ಪಾರ್ಕಿನಲ್ಲಿ ಚೆಸ್ ಆಡುವಾಗ ಕ್ಷೌರದಂಗಡಿಯ ನೀಡಿಯಾ ತನ್ನ ಮಂತ್ರಿ, ಆನೆ, ಕುದುರೆಗಳನ್ನೆಲ್ಲ ನನ್ನ ರಾಜನ ಮೇಲೆ ನುಗ್ಗಿಸಿದಳು. ನಮ್ಮಿಬ್ಬರ ಕೊನೆಯ ಆಟದಲ್ಲಿ ನಿನ್ನ ರಾಜ ಸಿಕ್ಕಿಬಿದ್ದದ್ದೂ ಅದೇ ಮೂಲೆಯಲ್ಲಿ. ನಿನ್ನ ಜಾಗದಲ್ಲಿ ಕೂತರೆ ಹೇಗಿರುತ್ತದೋ ನೋಡೋಣ ಎನಿಸಿತು. ಸೋಲೊಪ್ಪದೆ, ಕಾಲಾಳುಗಳನ್ನು ಬಲಿಕೊಟ್ಟು, ರಾಜನನ್ನು ಒಂದೊಂದೇ ಮನೆ ದಾಟಿಸುತ್ತ ಆಚೆ ಬದಿಗೆ ಹೊರಟೆ.

"ಏನ್ ಯಜಮಾನ್ರೇ, ರಾಜನ್ನ ವಾಕಿಂಗ್ ಕರ್ಕೊಂಡು ಹೊರಟ್ರಾ?" ಎಂದು ಸುತ್ತ ನಿಂತವರು ನಕ್ಕರು.

ಆಟ ಡ್ರಾ ಆಯಿತು. ಪದ್ಧತಿಯಂತೆ ಕಾಯಿಗಳನ್ನು ಮತ್ತೆ ಜೋಡಿಸಿ, ಎಲ್ಲಿ ಎಡವಿದೆವೆಂದು ಇಬ್ಬರೂ ನೋಡಿದೆವು.

"ಈ ದಾರಿ ಯಾವಾಗ ಹೊಳೀತು ಮಾಮ?" ಎಂದಳು ನೀಡಿಯಾ.

"ಈಗ್ಲೇ ಕಣಮ್ಮ" ಎಂದೆ.

ಅವತ್ತು ನೀನು ಸೋಲೊಪ್ಪಿ ಕೈ ಚಾಚಿದಾಗಲೇ ನಿನ್ನ ರಾಜ ಪಾರಾಗುವ ಈ ದಾರಿ ನನಗೆ ಕಂಡಿತ್ತು. ಎಲ್ಲಿ ಎಡವಿದೆಯೆಂದು ನೋಡಲು ನೀನು ಕಾಯಿ ಜೋಡಿಸಿಕೊಂಡು ಕಾಯುತ್ತಿದ್ದೆ. ಕಾಫಿ ಕುಡಿದು ಬರುತ್ತೇನೆಂದು ಎದ್ದ ನಾನು ವಾಪಸ್ ಬರಲಿಲ್ಲ.