ನಿದ್ದೆ ಮಾಡದವರನ್ನು ಎಬ್ಬಿಸುವ ಯಂತ್ರ

ಸಾರಿಗೆ ಸಂಸ್ಥೆಯ ಸುರಕ್ಷತಾ ವಿಭಾಗದ ಮುಖ್ಯಸ್ಥರೇ,

ನಿದ್ದೆ ಪತ್ತೆಹಚ್ಚಲೆಂದು ಚಾಲಕರ ಮುಖದೆದುರು ನೀವು ಕೂರಿಸಿರುವ ಕ್ಯಾಮೆರಾ ಯಂತ್ರವನ್ನು ಕೂಡಲೇ ತೆಗೆಸಿ ಎಂದು ಕೇಳಲು ಈ ಬಹಿರಂಗ ಪತ್ರ. ಮೊದಲು ನಿಮ್ಮ ಕಚೇರಿಗೇ ಬಂದಿದ್ದೆ. "ತಂತ್ರಜ್ಞಾನದ ಬಗ್ಗೆ ಕಂಡಕ್ಟರಿಗೇನು ಗೊತ್ತು?" ಎಂದು ನಿಮ್ಮ ಆಪ್ತ ಸಹಾಯಕರು ಕೇಳಿದರು. ಗೊತ್ತಿಲ್ಲ, ನಿಜ. ಆದ್ದರಿಂದ ಕಣ್ಣಾರೆ ಕಂಡದ್ದನ್ನಷ್ಟೇ ಎಲ್ಲರ ಮುಂದೆ ಹೇಳುತ್ತೇನೆ.

ನನ್ನ ಬಸ್ಸಿನ ಚಾಲಕರ ಕಣ್ಣುಗಳು ಹುಟ್ಟಿನಿಂದಲೇ ಸಣ್ಣವು. ನಕ್ಕರೆ ಎರಡು ಗೆರೆ. ಚಿಕ್ಕ ಕಣ್ಣಿನ ಅಣ್ಣ, ಅದಕ್ಕೇ ಡಿಪೋದಲ್ಲಿ ಎಲ್ಲರಿಗೂ ಚಿಕ್ಕಣ್ಣ. ನಮಗೆಲ್ಲ ಗೊತ್ತಿದ್ದ ಈ ಸಂಗತಿ ನಿಮ್ಮ ಯಂತ್ರಕ್ಕೆ ಮಾತ್ರ ತಿಳಿಯಲಿಲ್ಲ. ಅದರ ಲೆಕ್ಕದಲ್ಲಿ ಸಣ್ಣ ಕಣ್ಣೆಂದರೆ ನಿದ್ದೆ. ಸೀಟು ಗಡಗಡ ನಡುಗುತ್ತದೆ, "ಎಚ್ಚರವಾಗಿರಿ" ಎಂದು ಒಂದು ಹೆಣ್ಣುದನಿ ಬಸ್ಸಿಗೆಲ್ಲ ಕೇಳುವಂತೆ ಗದರುತ್ತದೆ. ಪ್ರಯಾಣಿಕರು ಕುಡುಕನನ್ನು ನೋಡುವಂತೆ ಅವರನ್ನು ನೋಡುತ್ತಾರೆ. ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಅರ್ಧ ದಾರಿಯಲ್ಲೇ ಇಳಿದುಹೋದಳು.

ಅಂದಿನಿಂದ ಚಿಕ್ಕಣ್ಣ ಹುಬ್ಬು ಮೇಲೆತ್ತಿ, ಕಣ್ಣರಳಿಸಿಕೊಂಡೇ ಬಸ್ಸು ಓಡಿಸತೊಡಗಿದರು. ಸಂಜೆಗೆ ಕಣ್ಣು ಕೆಂಡ. ಸದಾ ಹಾಡು ಗುನುಗುತ್ತಿದ್ದವರು ಮಾತೇ ಬಿಟ್ಟರು. "ಸ್ವಲ್ಪ ನೀರಾದ್ರೂ ಕುಡೀರಿ ಅಣ್ಣ" ಎಂದೆ. "ಬೇಡಮ್ಮ, ತಲೆ ಎತ್ತಿದ್ರೆ ಅದಕ್ಕೂ ಒದರುತ್ತೆ" ಎಂದರು.

ಕಳೆದ ವಾರ, ಹೊಳೆಯ ಸೇತುವೆಗೆ ಇಳಿಯುವ ತಿರುವಿನಲ್ಲಿ ಎದುರು ಬಿಸಿಲು. ಯಾರೇ ಆದರೂ ಕಣ್ಣು ಕಿರಿದು ಮಾಡಲೇಬೇಕಾದ ಜಾಗ. ಅವರೂ ಮಾಡಿದರು. ಸೀಟು ನಡುಗಿತು, ಆ ದನಿ ಅರಚಿತು, ಬೆಚ್ಚಿಬಿದ್ದ ಚಿಕ್ಕಣ್ಣನವರ ಕಾಲು ಬ್ರೇಕನ್ನು ಬಲವಾಗಿ ಒತ್ತಿಬಿಟ್ಟಿತು. ನಿಂತಿದ್ದವರು ಒಬ್ಬರ ಮೇಲೊಬ್ಬರು ಉರುಳಿದರು. ಬಸ್ಸು ಜಾರಿ, ಸೇತುವೆಯ ಕಂಬಿಗೆ ಮೂತಿ ಆನಿಸಿ ನಿಂತಿತು. ಮುಂದಿನ ಗಾಜಿನಲ್ಲಿ ರಸ್ತೆ ಇರಲಿಲ್ಲ, ಬರೀ ನೀರು. ಯಂತ್ರ ಆಗಲೂ "ಎಚ್ಚರವಾಗಿರಿ" ಎನ್ನುತ್ತಲೇ ಇತ್ತು. ಮುದುಕರೊಬ್ಬರ ಮಣಿಕಟ್ಟು ಮುರಿಯಿತು. ಅಷ್ಟರಲ್ಲೇ ಮುಗಿದದ್ದು ಎಲ್ಲರ ಪುಣ್ಯ.

ನಿಮ್ಮ ವರದಿ ಏನು ಹೇಳಿತು? 'ಚಾಲಕ ನಿದ್ರಾವಸ್ಥೆಯಲ್ಲಿದ್ದರು, ಯಂತ್ರದ ಸಮಯೋಚಿತ ಎಚ್ಚರಿಕೆಯಿಂದ ಅನಾಹುತ ತಪ್ಪಿತು.' ಬೆಂಕಿ ಹಚ್ಚಿದವನ ಕೊರಳಿಗೇ ಆರಿಸಿದವನ ಪದಕ! ವಿಚಾರಣೆಯಲ್ಲಿ ಸಾಕ್ಷಿಯಾಗಿ ನಾನೂ ಇದ್ದೆ. "ಕಣ್ಣು ಪೂರ್ತಿ ತೆರೆದು ಮಾತಾಡಿ" ಎಂದರು ನಿಮ್ಮ ಅಧಿಕಾರಿ.

"ಪೂರ್ತಿ ತೆರೆದೇ ಇದೀನಿ ಸಾರ್" ಎಂದರು ಚಿಕ್ಕಣ್ಣ.

ಈಗ ಅವರು ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದಾರೆ. ಇದು ನೀವು ಕೊಟ್ಟ ಶಿಕ್ಷೆಯೂ ಅಲ್ಲ, ಅವರೇ ಬೇಡಿ ಪಡೆದ ಕೆಲಸ. ಯಾಕಣ್ಣ ಹೀಗೆ ಎಂದು ಕೇಳಿದೆ. ಪೈಪಿನ ನೀರನ್ನು ಗಾಲಿಯತ್ತ ತಿರುಗಿಸುತ್ತ ಹೇಳಿದರು: "ನಂಗೇ ಅನುಮಾನ ಬರ್ತಿದೆ ಕಣಮ್ಮ. ನಿಜವಾಗ್ಲೂ ನಿದ್ದೆ ಮಾಡ್ತಿದ್ನೇನೋ ಅಂತ."

ಮಾನ್ಯರೇ, ನುರಿತ ಕೆಲಸಗಾರನಿಗೆ ತನ್ನ ಮೇಲಿದ್ದ ನಂಬಿಕೆಯನ್ನೇ ಕಸಿದುಕೊಂಡು ಅದಕ್ಕೆ ಸುರಕ್ಷತೆ ಎಂದು ಹೆಸರಿಡುತ್ತೀರಾ? ಆ ಯಂತ್ರವನ್ನು ಕಳಚಿಸಿ. ವರದಿಯನ್ನು ತಿದ್ದಿ, ಚಾಲಕ ಎಚ್ಚರವಾಗಿದ್ದರು ಎಂದು ಬರೆಯಿರಿ. ಆಮೇಲೆ ನೀವೇ ಡಿಪೋಗೆ ಬಂದು ಆ ಮಾತನ್ನು ಅವರಿಗೆ ಹೇಳಿ. ನಾವು ಹೇಳಿದರೆ ಅವರು ನಂಬುತ್ತಿಲ್ಲ.

ಇಂತಿ,
ಓಡಿಸುವವರಿಲ್ಲದೆ ನಿಂತ ಬಸ್ಸಿನ ಕಂಡಕ್ಟರ್